ಬಾನೆಟ್ಟಿನ ಕುಂಕುಮ

ಪೂರ್ವಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಗುರುದತ್ ಎಂಬ ಆ ಮನುಷ್ಯ ನಾಲ್ಕು ಜನರೆದುರು ನಿಂತು, ಬಾಯಿ ಬಿಟ್ಟು, "ಅವಳು ಹೇಳಿದ್ದಳು, ನಾನೇ ಕೇಳಲಿಲ್ಲ" ಅನ್ನಬೇಕು. ಕಾಲು ಹಿಡಿಯುವುದು ಬೇಡ, ಕ್ಷಮೆ ಕೇಳುವುದೂ ಬೇಡ. ಅವನ ಕ್ಷಮೆ ಕಟ್ಟಿಕೊಂಡು ಅವಳೇನು ಉಪ್ಪಿನಕಾಯಿ ಹಾಕಬೇಕೆ? ಆ ಒಂದು ಮಾತು ಸಾಕಿತ್ತು. ಅದಕ್ಕಾಗಿ ಅವಳು ವರ್ಷಗಟ್ಟಲೆ ಕಾದಳು. ಕೌಲಾಲಂಪುರದ ಪಕ್ಕದ ಪುಚೊಂಗಿನ ಒಂದು ಅಂಗಡಿಯಲ್ಲಿ ಮಂಡಿಯೂರಿ, ಕಂಡವರ ಕಾರುಗಳ ಮೈ ಒರೆಸುತ್ತ ಕಾದಳು.

ಮೈಸೂರಿನ ಸರಸ್ವತಿಪುರಂನಲ್ಲಿ ಬೆಳೆದ ಪೂರ್ವಿ ಕೌಲಾಲಂಪುರಕ್ಕೆ ಬಂದದ್ದು ಸಾಫ್ಟ್‌ವೇರ್ ಕಂಪನಿಯ ಕೆಲಸಕ್ಕೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವಳ ಉದ್ಯೋಗ. ಅವಳ ಮ್ಯಾನೇಜರ್ ಬೆಂಗಳೂರಿನ ಗುರುದತ್. ಮೊದಲ ದಿನವೇ, "ಸರ್ ಗಿರ್ ಎಲ್ಲ ಆಫೀಸಿಗೆ ಇರಲಿ, ನೀನು ನನ್ನ ತಂಗಿ ಇದ್ದ ಹಾಗೆ ಕಣಮ್ಮ" ಎಂದವನು. ಅವನ ಹೆಂಡತಿ ಲಕ್ಷ್ಮಿ ಮಾಂಟ್ ಕಿಯಾರಾದ ತಮ್ಮ ಮನೆಗೆ ಕರೆದು ಬಿಸಿಬೇಳೆಭಾತು ಬಡಿಸಿದವಳು. ಊರು ಬಿಟ್ಟು ಬಂದ ಹುಡುಗಿಗೆ ಅಷ್ಟಾದರೆ ಸಾಕು, ಕರಗಿ ನೀರಾದಳು.

ಕಂಪನಿ ಒಂದು ದೊಡ್ಡ ಅಂಗಡಿಗೆ ಹಣ ಪಾವತಿಯ ಪ್ರೋಗ್ರಾಮು ಮಾಡಿಕೊಡುತ್ತಿತ್ತು. ಬಿಡುಗಡೆಗೆ ಮುಂಚೆ ಪೂರ್ವಿಗೆ ಅದರಲ್ಲೊಂದು ತಪ್ಪು ಕಂಡಿತು: ಗಿರಾಕಿ ಸಾಮಾನು ವಾಪಸ್ ಕೊಟ್ಟರೆ ಹಣ ಎರಡೆರಡು ಸಲ ಹೋಗುತ್ತಿತ್ತು. ಬೇರೆ ಯಾರಾಗಿದ್ದರೂ ಕೂತು ಒಂದು ಮೇಲ್ ಬರೆಯುತ್ತಿದ್ದರು. ಇವಳು ಬರೆಯಲಿಲ್ಲ. ಅಣ್ಣನಂಥವನ ಮೇಲೆ ಮೇಲ್ ಬರೆದರೆ ಚಾಡಿ ಹೇಳಿದ ಹಾಗಾಗುವುದಿಲ್ಲವೇ? ಕಾಫಿ ಮಷೀನಿನ ಹತ್ತಿರ ನಿಂತು, ಕನ್ನಡದಲ್ಲಿ, ಮೆಲ್ಲಗೆ ಹೇಳಿದಳು. ಅವನು ನಕ್ಕು, "ಬಿಡು ತಂಗಿ, ಏನೂ ಆಗಲ್ಲ. ನಾನಿದ್ದೀನಲ್ಲ" ಎಂದ.

ಆಗಬೇಕಾದದ್ದು ಆಯಿತು. ಗಿರಾಕಿ ಕಂಪನಿ ಬೊಬ್ಬೆ ಹಾಕಿತು, ಮೇಲಿನವರು ಬಂದು ಕೂತರು. ಗುರುದತ್ ಇಸ್ತ್ರಿ ಮಾಡಿದ ಮುಖ ಇಟ್ಟುಕೊಂಡು, ಟೆಸ್ಟಿಂಗ್ ಟೀಮ್ ನನಗೆ ಏನೂ ಹೇಳಿರಲಿಲ್ಲ ಎಂದುಬಿಟ್ಟ. ಅವಳ ತಲೆಯ ಮೇಲೆ ಗೂಬೆ ಕೂರಿಸಿ ಕೈ ತೊಳೆದುಕೊಂಡ. "ಹೇಳಿದ್ದೆ" ಅಂದಳು ಪೂರ್ವಿ. "ಎಲ್ಲಿ, ತೋರಿಸಿ" ಅಂದರು ಅವರು. ಕಾಫಿ ಮಷೀನು ಸಾಕ್ಷಿ ಹೇಳುತ್ತದೆಯೇ?

ಕೆಲಸ ಹೋದದ್ದನ್ನು ಅವಳು ನುಂಗಿಕೊಂಡಾಳು. ಆದರೆ ಅವನು ಅಲ್ಲಿಗೇ ನಿಲ್ಲಿಸಲಿಲ್ಲ. ಕನ್ನಡ ಸಂಘದಲ್ಲಿ ಸಿಕ್ಕವರಿಗೆಲ್ಲ, "ಪಾಪ, ಒಳ್ಳೆ ಹುಡುಗಿ, ಆದ್ರೆ ಕೆಲಸದಲ್ಲಿ ನಂಬೋ ಹಾಗಿಲ್ಲ ಕಣ್ರೀ" ಎನ್ನುತ್ತ ಬಂದ. ಆ ವರ್ಷದ ಗಣೇಶನ ಹಬ್ಬದಲ್ಲಿ ಪಂಕ್ತಿಯಲ್ಲಿ ಕೂತಿದ್ದ ಪೂರ್ವಿಯ ಮುಂದೆ ಲಕ್ಷ್ಮಿ ಕೋಸಂಬರಿ ಬಡಿಸುತ್ತ ಬಂದಳು. ಅಕ್ಕಪಕ್ಕದವರನ್ನು "ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದವಳು ಇವಳ ಎಲೆಗೆ ಮಾತಿಲ್ಲದೆ ಬಡಿಸಿ ಮುಂದೆ ಹೋದಳು. ಪೂರ್ವಿ ಕೋಸಂಬರಿ ಮುಟ್ಟಲಿಲ್ಲ. ಕೈ ತೊಳೆಯಲು ಎದ್ದವಳು ಮತ್ತೆ ಸಂಘದ ಕಡೆ ತಲೆ ಹಾಕಲಿಲ್ಲ.

ಆಮೇಲೆ ಅವಳಿಗೆ ಆಸರೆಯಾದದ್ದು ಸೆಂಗ್ ಎಂಬ ಚೀನೀ ಮುದುಕ. ಪುಚೊಂಗಿನಲ್ಲಿ ಅವಳ ಬಾಡಿಗೆ ಮನೆಯ ಕೆಳಗೇ ಅವನ ಅಂಗಡಿ. ಕಾರಿನ ಬಣ್ಣ ಕೆಡದಂತೆ ಮೇಲೊಂದು ಪಾರದರ್ಶಕ ಫಿಲ್ಮ್ ಹಚ್ಚಿಕೊಡುವುದು ಅವನ ಕಸುಬು. ಎಲ್ಲರೂ ಅವನನ್ನು ಟಾವ್ಕೆ ಅನ್ನುತ್ತಿದ್ದರು, ಈ ಊರಿನಲ್ಲಿ ಅಂಗಡಿ ಯಜಮಾನನಿಗೆ ಹಾಗೆನ್ನುವುದು ವಾಡಿಕೆ. ಗಿರಾಕಿಗಳಿಗೆ ಉತ್ತರ ಬರೆಯಲು ಇಂಗ್ಲಿಷ್ ಬರುವವರು ಬೇಕು ಎಂದು ಅವಳನ್ನು ಇಟ್ಟುಕೊಂಡ, ಕೆಲಸದ ಪರ್ಮಿಟ್ಟನ್ನೂ ಮಾಡಿಸಿಕೊಟ್ಟ. ಇವಳು ಮೇಜು ಬಿಟ್ಟು ಕಾರಿನ ಹತ್ತಿರ ಹೋಗಿ ನಿಲ್ಲತೊಡಗಿದಳು. ತಪ್ಪು ಹುಡುಕಿ ಪಳಗಿದ ಕಣ್ಣಿಗೆ ಫಿಲ್ಮಿನಡಿ ಉಳಿದ ಧೂಳಿನ ಕಣವೂ ಕಾಣುತ್ತಿತ್ತು. ಟಾವ್ಕೆ ನೋಡಿದ, ಗೊಣಗಿದ, ಕೊನೆಗೆ ಫಿಲ್ಮಿನಡಿಯ ನೀರು ತಳ್ಳುವ ರಬ್ಬರ್ ಪಟ್ಟಿಯನ್ನು ಅವಳ ಕೈಗೆ ಕೊಟ್ಟ.

ಫಿಲ್ಮಿನ ಡಬ್ಬಗಳ ಮೇಲೆ ಹಿಮ ಬಿದ್ದ ರಸ್ತೆಯ ಚಿತ್ರವಿರುತ್ತಿತ್ತು. ಚಳಿದೇಶಗಳಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಚೆಲ್ಲುತ್ತಾರಂತೆ, ಅದು ಕಾರಿನ ತಗಡನ್ನು ತಿನ್ನುತ್ತದಂತೆ. ಮಲೇಷ್ಯಾದಲ್ಲಿ ಹಿಮ ನೋಡಬೇಕಾದರೆ ಫ್ರಿಜ್ ಬಾಗಿಲು ತೆಗೆಯಬೇಕು. ಆದರೂ ಕಾರಿನ ವೈರಿಗಳಿಗೆ ಇಲ್ಲೂ ಬರವಿಲ್ಲ. ಹೈವೇಯಲ್ಲಿ ಟಾರ್ಪಾಲು ಹೊದೆಸದೆ ಓಡುವ ಜಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡರೆ ಬಾನೆಟ್ಟಿನ ಮೇಲೆ ಕಲ್ಲು ಸಿಡಿಯುವುದು ಖಂಡಿತ. ಕಲ್ಲು ತಾಗಿದಲ್ಲಿ ಬಣ್ಣ ಎದ್ದು ತಗಡು ಕಾಣುತ್ತದೆ. ದಿನಾ ಮಧ್ಯಾಹ್ನ ಹುಯ್ಯುವ ಮಳೆಗೆ ಅಷ್ಟು ಸಾಕು, ತುಕ್ಕು ಶುರು.

ಅದಕ್ಕೇ ಟಾವ್ಕೆಯ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ತಗಡು ಕಂಡ ಜಾಗದ ಮೇಲೆ ಫಿಲ್ಮ್ ಹಚ್ಚಬಾರದು. ಮೊದಲು ಬಣ್ಣ ತುಂಬಬೇಕು, ಚೆನ್ನಾಗಿ ಒಣಗಬೇಕು, ಆಮೇಲೆ ಫಿಲ್ಮು. ಸೋಪುನೀರು ಚಿಮುಕಿಸಿಯೇ ಫಿಲ್ಮ್ ಕೂರಿಸುವುದು. ಗಾಯ ಹಾಗೇ ಇದ್ದರೆ ಆ ನೀರನ್ನು ಒಳಗಿಟ್ಟು ಮುಚ್ಚಳ ಹಾಕಿದಂತೆ. ಗಿರಾಕಿ ಕಾಯಲು ಒಪ್ಪದಿದ್ದರೆ? ಅವನಿಗೆ ಬಿಡಿಸಿ ಹೇಳಬೇಕು. ಹೇಳಿಯೂ ಕೇಳದಿದ್ದರೆ ಅವನ ಹಣೆಬರಹ. ಹೇಳದೆ ಮುಚ್ಚಿದವರು ಮಾರನೆಯ ದಿನ ಕೆಲಸಕ್ಕೆ ಬರಕೂಡದು.

ಹೀಗೆ ವರ್ಷಗಳು ಹೋದವು. ಪುಚೊಂಗಿನಿಂದ ಆಚೆಗೂ ಪೂರ್ವಿಯ ಕೈಗುಣದ ಮಾತು ಹಬ್ಬಿತು. ಹಳೆಯದು ಮರೆಯಿತೇ? ಎಲ್ಲಿಯ ಮರೆವು! ಬಿಳಿ ಬಾನೆಟ್ಟಿನ ಮೇಲೆ ನೀರು ತಳ್ಳುವಾಗಲೆಲ್ಲ ಅವನ ಇಸ್ತ್ರಿ ಮಾಡಿದ ಮುಖ ಕಾಣುತ್ತಿತ್ತು. ಅವಳು ಹಲ್ಲು ಕಚ್ಚಿ ಇನ್ನೊಂದು ಸಲ ಒತ್ತಿ ತಳ್ಳುತ್ತಿದ್ದಳು. ಅವಳ ಕೆಲಸ ಅಷ್ಟು ಚೊಕ್ಕಟವಾಗಿರುತ್ತಿದ್ದುದಕ್ಕೆ ಅರ್ಧ ಕಾರಣ ಆ ಸಿಟ್ಟೇ ಇದ್ದೀತು.

ನವರಾತ್ರಿಯ ನಡುವೆ ಒಂದು ಬೆಳಿಗ್ಗೆ, ಮುತ್ತಿನ ಬಿಳಿ ಬಣ್ಣದ ಹೊಸ ಕಾರೊಂದು ಅಂಗಡಿಯ ಮುಂದೆ ಬಂದು ನಿಂತಿತು. ಇಳಿದವನು ಗುರುದತ್. ಪಕ್ಕದ ಸೀಟಿನಲ್ಲಿ ಲಕ್ಷ್ಮಿ ಕೂತೇ ಇದ್ದಳು.

"ಅರೇ, ಪೂರ್ವಿ! ನೀನಿಲ್ಲಿ?" ಎಂದ ಅವನು, ಕಳೆದುಹೋದ ತಂಗಿ ಜಾತ್ರೆಯಲ್ಲಿ ಸಿಕ್ಕಿದಂತೆ. "ಒಳ್ಳೇದೇ ಆಯ್ತು ಬಿಡು, ನಮ್ಮವರೇ ಸಿಕ್ಕಿದ್ರಲ್ಲ. ನೋಡು, ಯಾವುದೂ ಸುಮ್ಸುಮ್ನೆ ಆಗಲ್ಲ. ಒಂದು ಲೆಕ್ಕದಲ್ಲಿ ನಾನೇ ನಿನಗೆ ದಾರಿ ಮಾಡಿಕೊಟ್ಟ ಹಾಗಾಯ್ತು, ಅಲ್ವಾ?"

ಪೂರ್ವಿಗೆ ಕೈಯಲ್ಲಿದ್ದ ಸೋಪುನೀರಿನ ಬಾಟಲಿಯನ್ನು ಅವನ ಮುಖಕ್ಕೆ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. "ಹೌದು ಸರ್" ಎಂದಳು.

ಅವನ ಅವಸರ ಏನೆಂದರೆ, ಆಯುಧಪೂಜೆಗೆ ಸಂಘದವರೆಲ್ಲ ಕಾರುಗಳನ್ನು ಸಾಲಾಗಿ ನಿಲ್ಲಿಸಿ ಪೂಜೆ ಮಾಡಿಸುತ್ತಾರೆ. ಹಿಂದಿನ ವರ್ಷ ಹಳೆಯ ಕಾರಿನ ಬಾನೆಟ್ಟಿಗೆ ಇಟ್ಟ ಅರಿಶಿನ ಕುಂಕುಮದ ಕಲೆ ಹೋಗಲೇ ಇಲ್ಲವಂತೆ. ಈ ಸಲ ಫಿಲ್ಮ್ ಹಚ್ಚಿಸಿಯೇ ಪೂಜೆಗೆ ತರಬೇಕು. ಎಲ್ಲರಿಗೂ ಹೇಳಿಯೂ ಆಗಿದೆ.

ಅವನು ಹೇಳುತ್ತಿದ್ದಾಗಲೇ ಪೂರ್ವಿಯ ಕಣ್ಣು ಬಾನೆಟ್ಟಿನ ಮೇಲೆ ಓಡಾಡಿ ಬಂದಿತ್ತು. ಕಾರು ಶೋರೂಮಿನಿಂದ ಬಂದ ಕೂಡಲೇ ಲಕ್ಷ್ಮಿಯ ಅಣ್ಣನ ಮನೆಗೆಂದು ಮೆಲಾಕಾಗೆ ಹೋಗಿ ಬಂದಿದ್ದರಂತೆ. ದಾರಿಯಲ್ಲಿ ಯಾವುದೋ ಜಲ್ಲಿ ಲಾರಿ ತನ್ನ ಕೆಲಸ ಮಾಡಿತ್ತು. ಬಾನೆಟ್ಟಿನ ಮುಂಭಾಗದಲ್ಲಿ ಸಾಸಿವೆ ಕಾಳಿನಷ್ಟು ಗಾಯಗಳು, ಅಲ್ಲೊಂದು ಇಲ್ಲೊಂದು. ಬಾಗಿ ಉಗುರಿನಿಂದ ಮುಟ್ಟಿ ನೋಡಿದಳು. ತಗಡು ತಾಗಿತು.

ಆ ಕ್ಷಣದಲ್ಲೇ ಅವಳಿಗೆ ಎಲ್ಲವೂ ಸ್ಪಷ್ಟವಾಯಿತು. ಅವಳೇನೂ ಮಾಡಬೇಕಾಗಿರಲಿಲ್ಲ. ಈ ಮನುಷ್ಯ ಈ ಮನುಷ್ಯನಾಗಿಯೇ ಇದ್ದರೆ ಸಾಕಿತ್ತು.

"ಕಾಫಿ ಕುಡೀರಿ ಸರ್. ಫಿಲ್ಟರ್ ಕಾಫಿ ಇದೆ."

ಅಂಗಡಿಯ ಮೂಲೆಯಲ್ಲಿ ಅವಳದೊಂದು ಸ್ಟೀಲಿನ ಫಿಲ್ಟರ್ ಇತ್ತು. ಅದರ ನೆತ್ತಿಗೆ ಸರಿಯಾಗಿ ಟಾವ್ಕೆಯ ಕ್ಯಾಮೆರಾ. ಬರುವಾಗಲೇ ಇದ್ದ ಗೀರನ್ನು ನೀವೇ ಮಾಡಿದಿರಿ ಎನ್ನುವ ಗಿರಾಕಿಗಳ ಕಾಟಕ್ಕೆ ಹಾಕಿಸಿದ್ದು. ಚಿತ್ರದ ಜೊತೆ ಮಾತನ್ನೂ ಹಿಡಿಯುತ್ತಿತ್ತು. ಕೆಂಪು ದೀಪ ಉರಿಯುತ್ತಿರುವುದನ್ನು ಪೂರ್ವಿ ಕಣ್ಣೆತ್ತಿ ನೋಡಿಕೊಂಡಳು. ಲೋಟಕ್ಕೆ ಕಾಫಿ ಬಗ್ಗಿಸಿ ಅವನ ಕೈಗಿತ್ತಳು. ಕಾರಿನಲ್ಲಿ ಕೂತ ಲಕ್ಷ್ಮಿ ಕಿಟಕಿಯ ಗಾಜು ಇಳಿಸಿ ಇತ್ತಲೇ ನೋಡುತ್ತಿದ್ದಳು. ಪೂರ್ವಿ ಅವಳನ್ನು ಕರೆಯಲಿಲ್ಲ. ಕೋಸಂಬರಿಯ ನೆನಪಿತ್ತು.

"ಸರ್, ಒಂದು ವಿಷಯ. ಬಾನೆಟ್ ಮೇಲೆ ಕಲ್ಲೇಟು ಬಿದ್ದಿದೆ, ತಗಡು ಕಾಣ್ತಿದೆ. ಮೊದಲು ಅಲ್ಲಿಗೆ ಬಣ್ಣ ತುಂಬಿ ಒಣಗಿಸ್ಬೇಕು. ಹಾಗೇ ಫಿಲ್ಮ್ ಹಾಕಿದ್ರೆ ಒಳಗೊಳಗೇ ತುಕ್ಕು ಹಿಡಿಯುತ್ತೆ."

"ಎಷ್ಟು ದಿನ ಬೇಕು?"

"ಒಂದು ವಾರನಾದ್ರೂ ಬೇಕು ಸರ್."

"ಅಯ್ಯೋ, ಅಷ್ಟರಲ್ಲಿ ಹಬ್ಬಾನೇ ಮುಗಿದುಹೋಗಿರುತ್ತೆ ಕಣಮ್ಮ! ಹೊಸ ಕಾರಿಗೆ ಎಂಥ ತುಕ್ಕು?" ಅವನು ಕಾಫಿ ಹೀರಿದ. ಪೂರ್ವಿ ಅವನ ತುಟಿಗಳನ್ನೇ ನೋಡಿದಳು. ಬಂತು, ಬಂದೇ ಬಂತು. "ಬಿಡು ತಂಗಿ, ಏನೂ ಆಗಲ್ಲ. ನಾನಿದ್ದೀನಲ್ಲ. ನೀನು ಹಾಕು."

"ನೀವು ಹೇಳಿದ ಮೇಲೆ ಆಯ್ತು ಸರ್."

ಅವತ್ತು ಪೂರ್ವಿ ಹಚ್ಚಿದ ಹಾಗೆ ಫಿಲ್ಮನ್ನು ಅವಳು ಜನ್ಮದಲ್ಲಿ ಹಚ್ಚಿರಲಿಲ್ಲ. ಎಲ್ಲೂ ಗುಳ್ಳೆಯಿಲ್ಲ, ಧೂಳಿಲ್ಲ, ಅಂಚು ಎದ್ದಿಲ್ಲ. ಬೇರೆ ಕಾರುಗಳ ಒಳಗೆ ಬಣ್ಣವನ್ನು ಕಾಪಾಡುವಂತೆ ಈ ಕಾರಿನ ಒಳಗೆ ಅವಳು ತನ್ನ ಮುಯ್ಯಿಯನ್ನು ಜೋಪಾನ ಮಾಡಿ ಮುಚ್ಚಿಟ್ಟಳು. ಗಾಯಗಳ ಮೇಲೆ ಬೆರಳಾಡಿಸುವಾಗ ಕರುಣೆ ಬಂತೇ ಎಂದರೆ, ಇಲ್ಲ. ಖುಷಿಯಾಯಿತು. ಸಂಜೆ ಬಾಗಿಲು ಹಾಕುವ ಮುಂಚೆ ಕ್ಯಾಮೆರಾದಿಂದ ಆ ಕಾಫಿ ಹೊತ್ತಿನ ವಿಡಿಯೊ ತುಣುಕನ್ನು ಫೋನಿಗೆ ಇಳಿಸಿಕೊಂಡಳು. ಒಂದು ಸಲ ಕಾಫಿ ಮಷೀನನ್ನು ನಂಬಿ ಕೆಟ್ಟವಳು ಅವಳು.

ಆಯುಧಪೂಜೆಯಲ್ಲಿ ಗುರುದತ್ತನ ಕಾರು ಸಾಲಿನಲ್ಲೆಲ್ಲ ಮೆರೆಯಿತಂತೆ. ಕುಂಕುಮವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೋರಿಸಿ, "ನೋಡಿ, ಕಲೆಯೇ ಇಲ್ಲ!" ಎಂದು ಎಲ್ಲರ ಹೊಟ್ಟೆ ಉರಿಸಿದನಂತೆ. ಅಂಗಡಿಗೆ ಬಂದ ಕನ್ನಡದ ಗಿರಾಕಿಯೊಬ್ಬರು ಇದನ್ನು ಹೇಳಿದಾಗ ಪೂರ್ವಿ ಹಲ್ಲು ಬಿಟ್ಟು ನಕ್ಕಳು. ಮಳೆಗಾಲ ಬಂದು ಹೋಯಿತು. ಅವಳು ಆತುರಪಡಲಿಲ್ಲ. ತುಕ್ಕಿಗೆ ಅದರದೇ ಹೆಜ್ಜೆ ಇರುತ್ತದೆ.

ಯುಗಾದಿಯ ಹೊತ್ತಿಗೆ ಲಕ್ಷ್ಮಿಗೆ ಬಾನೆಟ್ಟಿನ ಮೇಲೆ ಕೆಂಪು ಕೆಂಪು ಚುಕ್ಕೆ ಕಂಡವು. ಆಯುಧಪೂಜೆಯ ಕುಂಕುಮ ಇನ್ನೂ ಉಳಿದಿದೆ ಎಂದುಕೊಂಡು ಒದ್ದೆ ಬಟ್ಟೆ ತಂದು ತಿಕ್ಕಿದಳು. ಹೋಗಲಿಲ್ಲ. ಬೆರಳಿಟ್ಟು ನೋಡಿದರೆ ಮೇಲೆಲ್ಲ ನುಣುಪು, ಚುಕ್ಕೆ ಒಳಗೆ. ಗಂಡನನ್ನು ಕೂಗಿದಳು.

ಗುರುದತ್ ಒಬ್ಬನೇ ಬರಲಿಲ್ಲ. ಹೆಂಡತಿಯನ್ನು ಕರೆತಂದ, ಜೊತೆಗೆ ಸಂಘದ ಕಾರ್ಯದರ್ಶಿ ತ್ರಿವಿಕ್ರಮನನ್ನೂ ಕರೆತಂದ. ನಾಲ್ಕು ಜನರೆದುರು ಅವಳ ಮಾನ ಹರಾಜು ಹಾಕುವುದು ಅವನ ಉದ್ದೇಶ. ತನಗೆ ಬೇಕಾದ ನಾಲ್ಕು ಜನರನ್ನು ಅವನೇ ಕಾರಿನಲ್ಲಿ ಕೂರಿಸಿಕೊಂಡು ತಂದದ್ದು ಕಂಡು ಪೂರ್ವಿ ಜೇಬು ಮುಟ್ಟಿ ಫೋನ್ ಇದೆಯೇ ಎಂದು ನೋಡಿಕೊಂಡಳು.

"ನಾನು ಅವತ್ತೇ ಹೇಳಿರಲಿಲ್ವಾ ತ್ರಿವಿಕ್ರಮ? ನಂಬೋ ಹಾಗಿಲ್ಲ ಅಂತ! ನಮ್ಮ ಹುಡುಗಿ ಅಂತ ಕೆಲಸ ಕೊಟ್ಟಿದ್ದಕ್ಕೆ ಹೊಸ ಕಾರು ಹಾಳು ಮಾಡಿದ್ಲು." ಆಮೇಲೆ ಟಾವ್ಕೆಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೂಗಾಡಿದ.

ಟಾವ್ಕೆ ಬಾನೆಟ್ಟಿನ ಮೇಲೆ ಬಾಗಿ ಬಹಳ ಹೊತ್ತು ನೋಡಿದ. ಗಾಯದ ಮೇಲೆಯೇ ಫಿಲ್ಮ್ ಕೂತಿದೆ ಎನ್ನುವುದು ಅವನಿಗೆ ತಿಳಿಯದೆ ಇರುತ್ತದೆಯೇ? ಪೂರ್ವಿಯ ಕಡೆ ತಿರುಗಿದ ಅವನ ಮುಖ ಗಂಟಿಕ್ಕಿತ್ತು. ಆದರೆ ತನ್ನ ಹರುಕು ಇಂಗ್ಲಿಷಿನಲ್ಲಿ ಮೊದಲ ಪ್ರಶ್ನೆ ಕೇಳಿದ್ದು ಗುರುದತ್ತನನ್ನು.

"ಬಾಸ್, ಈ ಹುಡುಗಿ ನಿಮಗೆ ಮೊದಲೇ ಹೇಳಿದ್ಲಾ ಇಲ್ವಾ?"

ಪೂರ್ವಿಯ ಅನ್ನ ಆ ಉತ್ತರದ ಮೇಲೆ ನಿಂತಿತ್ತು. ಆದರೂ, ನಿಜ ಹೇಳಬೇಕೆಂದರೆ, ಒಳಗೆಲ್ಲೋ ಒಂದು ಮೂಲೆಯಲ್ಲಿ ಅವಳು ಇವನು ಈ ಸಲವಾದರೂ ಹೌದು ಅಂದಾನು ಎಂದು ಕಾಯುತ್ತಿದ್ದಳು. ಅಂದಿದ್ದರೆ ಫೋನನ್ನು ಜೇಬಿನಿಂದ ತೆಗೆಯುತ್ತಲೇ ಇರಲಿಲ್ಲ.

"ಇಲ್ಲ. ಒಂದಕ್ಷರ ಹೇಳಿಲ್ಲ" ಎಂದ ಗುರುದತ್. ಅದೇ ಇಸ್ತ್ರಿ ಮಾಡಿದ ಮುಖ.

ಪೂರ್ವಿ ಫೋನ್ ತೆಗೆದು ಕಾರಿನ ಬಾನೆಟ್ಟಿನ ಮೇಲಿಟ್ಟು, ಧ್ವನಿ ಜೋರು ಮಾಡಿದಳು. ಅಂಗಡಿಯ ತುಂಬ ಗುರುದತ್ತನ ದನಿ ಕೇಳಿತು, ಕಾಫಿ ಹೀರುವ ಸದ್ದಿನ ಸಮೇತ. ತಗಡು, ತುಕ್ಕು, ಒಂದು ವಾರ, ಹಬ್ಬ. ಬಿಡು ತಂಗಿ, ಏನೂ ಆಗಲ್ಲ. ನಾನಿದ್ದೀನಲ್ಲ.

ತ್ರಿವಿಕ್ರಮ ಗೋಡೆಯ ಬದಿಗಿದ್ದ ಫಿಲ್ಮ್ ಡಬ್ಬದ ಹಿಮದ ಚಿತ್ರವನ್ನು ನೋಡತೊಡಗಿದ. ಟಾವ್ಕೆಗೆ ಕನ್ನಡ ಬಾರದು. "ಏನಂತೆ? ಏನು ಹೇಳ್ತಿದ್ದಾರೆ ಲಾ?" ಎಂದು, ಮಾತಿನ ಕೊನೆಗೆ ಈ ಊರಿನವರು ಹಚ್ಚುವ ಲಾ ಸಮೇತ ಕೇಳುತ್ತ, ಒಬ್ಬೊಬ್ಬರ ಮುಖ ನೋಡಿದ.

"ನೀವೇ ಹೇಳಿ ಸರ್" ಎಂದಳು ಪೂರ್ವಿ. "ನಿಮ್ಮದೇ ಮಾತಲ್ವಾ."

ಹಿಂದಿನಿಂದ ಲಕ್ಷ್ಮಿ ಮುಂದೆ ಬಂದಳು. ಟಾವ್ಕೆಗೆ ಇಂಗ್ಲಿಷಿನಲ್ಲಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು: ಈ ಹುಡುಗಿ ಹೇಳಿದ್ದಾಳೆ, ತುಕ್ಕು ಹಿಡಿಯುತ್ತದೆ ಎಂದೂ ಹೇಳಿದ್ದಾಳೆ, ನನ್ನ ಗಂಡ ಪರವಾಗಿಲ್ಲ ಹಾಕು ಅಂದಿದ್ದಾರೆ. ಟಾವ್ಕೆ ಗುರುದತ್ತನ ಕಡೆ ನೋಡಿ, ಸರಿಯಾ ಎಂದು ಗದ್ದ ಎತ್ತಿದ.

"ಕರೆಕ್ಟ್" ಎಂದ ಗುರುದತ್, ನೆಲ ನೋಡುತ್ತ.

"ಕನ್ನಡದಲ್ಲಿ ಹೇಳಿ ಸರ್" ಎಂದಳು ಪೂರ್ವಿ. "ನಮ್ಮವರೇ ಅಲ್ವಾ. ತ್ರಿವಿಕ್ರಮ ಅವರೂ ಕೇಳಿಸಿಕೊಳ್ಳಲಿ."

ಗುರುದತ್ ತ್ರಿವಿಕ್ರಮನ ಕಡೆ ಒಮ್ಮೆ ನೋಡಿ ಬಾಯಿ ಬಿಟ್ಟ.

"ಹೇಳಿದ್ದಳು. ನಾನೇ ಕೇಳಲಿಲ್ಲ."

"ಯಾವತ್ತಿನ ಮಾತು ರೀ ಇದು?" ಎಂದಳು ಲಕ್ಷ್ಮಿ. "ಕಾರಿಂದಾ, ಆಫೀಸಿಂದಾ?"

ಅವನು ಹೆಂಡತಿಯ ಮುಖ ನೋಡಿದ, ಅಲ್ಲಿ ದಾರಿ ಕಾಣಲಿಲ್ಲ. "ಎರಡೂ" ಎಂದು ಹೊರಗೆ ನಡೆದ. ತ್ರಿವಿಕ್ರಮ ಯಾರಿಗೂ ಏನೂ ಹೇಳದೆ ಅವನ ಹಿಂದೆ ಹೋದ.

ಪೂರ್ವಿಗೆ ಎಷ್ಟು ಸಂತೋಷವಾಯಿತೆಂದರೆ ಫೋನನ್ನು ಎತ್ತಿಕೊಳ್ಳುವುದನ್ನೂ ಮರೆತು ಕಾರಿಗೆ ಒರಗಿ ನಿಂತಳು. ಬಿಸಿಲಲ್ಲಿ ಬಾಯಾರಿ ಬಂದವರಿಗೆ ಮಜ್ಜಿಗೆ ಇಳಿದ ಹಾಗೆ ಆ ಮಾತು ಒಳಗೆ ಇಳಿಯಿತು. ಇಷ್ಟು ವರ್ಷದ ಉರಿ, ಪಂಕ್ತಿಯಿಂದ ಎದ್ದು ಬಂದ ಅವಮಾನ, ಎಲ್ಲಕ್ಕೂ ಇವತ್ತು ಎಳ್ಳುನೀರು ಬಿಟ್ಟಾಯಿತು ಎಂದುಕೊಂಡಳು. ಆಗ ನೋಡಿದರೆ ಲಕ್ಷ್ಮಿ ಹೋಗಿರಲಿಲ್ಲ. ಬಾನೆಟ್ಟಿನ ಮೇಲಿನ ಕೆಂಪು ಚುಕ್ಕೆಗಳನ್ನು ಬೆರಳಿನಿಂದ ಮುಟ್ಟುತ್ತ ನಿಂತಿದ್ದಳು.

"ಹೀಗೇ ಆಗುತ್ತೆ ಅಂತ ನಿಂಗೆ ಗೊತ್ತಿತ್ತು, ಅಲ್ವೇನೇ?"

"ಗೊತ್ತಿತ್ತು ಲಕ್ಷ್ಮಕ್ಕ."

"ಇದು ನನ್ನ ಕಾರು ಕಣೆ. ಈ ವಯಸ್ಸಲ್ಲಿ ಓಡಿಸೋದು ಕಲಿತು, ಟೆಸ್ಟಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ಪಾಸಾಗಿ ತಗೊಂಡಿದ್ದು. ಅವರು ಬರೀ ಮೆರೆಯೋಕೆ." ಚುಕ್ಕೆಯಿಂದ ಬೆರಳು ತೆಗೆದು, "ಅವತ್ತು ಗಣೇಶನ ಹಬ್ಬದಲ್ಲಿ ನಿನ್ನ ಮುಖ ನೋಡೋಕೆ ನನಗೆ ಆಗಲಿಲ್ಲ. ಅವರು ಮಾಡಿದ್ದು ನನಗೆ ಗೊತ್ತಿತ್ತು, ಅದಕ್ಕೆ. ನೀನು ಬೇರೆ ಏನೋ ತಿಳ್ಕೊಂಡೆ ಅನ್ಸುತ್ತೆ."

ಪೂರ್ವಿ ಬಾನೆಟ್ಟಿನ ಮೇಲಿದ್ದ ಫೋನನ್ನು ಎತ್ತಿ ಜೇಬಿಗೆ ಹಾಕಿಕೊಂಡಳು.

"ಆಯುಧಪೂಜೆ ಟೈಮಲ್ಲಿ ನಾನು ಇಲ್ಲೇ ಕಾರಲ್ಲೇ ಕೂತಿದ್ದೆ. ನೀನು ನೋಡಿದೆ. ನನಗೊಂದು ಮಾತು ಹೇಳಿದ್ರೆ ನಾನು ಕೇಳ್ತಿರಲಿಲ್ವೇನೇ?"

ಕೇಳುತ್ತಿದ್ದಳು. ಅದು ಪೂರ್ವಿಗೆ ಅವತ್ತೇ ಗೊತ್ತಿತ್ತು. ಅದಕ್ಕಾಗಿಯೇ ಹೇಳಿರಲಿಲ್ಲ.

ಟಾವ್ಕೆಗೆ ಅವರ ಮಾತು ಒಂದೂ ತಿಳಿಯಲಿಲ್ಲ, ಆದರೆ ಪೂರ್ವಿಯ ಮುಖ ನೋಡಿ ಅವನು ಬಿಸಿಗಾಳಿಯ ಯಂತ್ರವನ್ನು ತಂದು ಅವಳ ಕೈಗಿಟ್ಟ. "ತೆಗಿ ಲಾ" ಎಂದಷ್ಟೇ ಹೇಳಿ ಒಳಗೆ ಹೋದ.

ಅವಳು ಫಿಲ್ಮನ್ನು ಬಿಸಿ ಮಾಡಿ ಮೆಲ್ಲಗೆ ಎಬ್ಬಿಸಿದಳು. ತುಕ್ಕನ್ನು ಕೆರೆದಳು, ಬಣ್ಣ ತುಂಬಿದಳು, ಒಣಗಲು ಬಿಟ್ಟಳು. ಒಣಗುವವರೆಗೂ ಲಕ್ಷ್ಮಿ ದಿನಾ ಬಂದು ನೋಡಿ ಹೋಗುತ್ತಿದ್ದಳು. ಪೂರ್ವಿ ಕಾಫಿ ಕೊಡುತ್ತಿದ್ದಳು, ಲಕ್ಷ್ಮಿ ಕುಡಿಯುತ್ತಿದ್ದಳು. ಮಾತು ಕಡಿಮೆ. ಕೊನೆಗೆ ಹೊಸ ಫಿಲ್ಮ್ ಹಚ್ಚಿದ ಮೇಲೆ ಬೇರೆಯವರ ಕಣ್ಣಿಗೆ ಬಾನೆಟ್ಟು ಹೊಸದರಂತೆಯೇ ಇತ್ತು. ಆದರೆ ಬಣ್ಣ ತುಂಬಿದ ಒಂದೊಂದು ಜಾಗವೂ ಪೂರ್ವಿಗೆ ಕಾಣುತ್ತಿತ್ತು, ಲಕ್ಷ್ಮಿಗೂ ಕಾಣುತ್ತಿತ್ತು.

ಸಂಘದವರು ಈಗ ಪೂರ್ವಿಯನ್ನು ಹಬ್ಬಕ್ಕೆ ಕರೆಯುತ್ತಾರೆ. ತ್ರಿವಿಕ್ರಮನೇ ಫೋನ್ ಮಾಡುತ್ತಾನೆ, ಬೆಣ್ಣೆಯಂಥ ದನಿಯಲ್ಲಿ. ಗುರುದತ್ ಎದುರಿಗೆ ಸಿಕ್ಕರೆ ಅವನೇ ಬೇರೆ ದಾರಿ ಹಿಡಿಯುತ್ತಾನೆ, ಅದನ್ನು ನೋಡಲು ಅವಳಿಗೆ ಇವತ್ತಿಗೂ ಖುಷಿಯೇ. ಅವನಿಗೆ ಮಾಡಿದ್ದರ ಬಗ್ಗೆ ಅವಳಿಗೆ ಎಳ್ಳಷ್ಟೂ ಬೇಸರವಿಲ್ಲ. ಆ ಬೆಳಿಗ್ಗೆ ಇನ್ನೊಂದು ಸಲ ಬಂದರೆ ಅವನಿಗೆ ಅದೇ ಕಾಫಿ ಕೊಟ್ಟು, ಅದೇ ಮಾತು ಹೇಳಿ, ಅದೇ ಉತ್ತರ ಪಡೆದುಕೊಳ್ಳುತ್ತಿದ್ದಳು. ಆದರೆ ಈ ಸಲ ಎರಡು ಲೋಟ ಬಗ್ಗಿಸುತ್ತಿದ್ದಳು, ಲಕ್ಷ್ಮಕ್ಕನನ್ನೂ ಒಳಗೆ ಕರೆಯುತ್ತಿದ್ದಳು.